ಕಾಯುವವರ ಲೆಕ್ಕ

ನಮ್ಮ ಚನ್ನಗಿರಿ, ಹೊನ್ನಾಳಿಗಳಲ್ಲಿ ಕಾಯುವುದೆಂದರೆ ಬಸ್ಸಿಗೆ. ಹಿಂದಿನ ಊರಿನಲ್ಲೇ ತುಂಬಿದ ಬಸ್ಸು ನಮ್ಮೆದುರು ನಿಲ್ಲದೆ ಹೋದಾಗಿನ ಸಂಕಟ ನಿಮಗೂ ಗೊತ್ತು. ಲಿಫ್ಟಿನದೂ ಇದೇ ಕಥೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ 1973ರಲ್ಲಿ ಮುಗಿದ ಯುಟಿಲಿಟಿ ಬಿಲ್ಡಿಂಗಿಗೆ 25 ಅಂತಸ್ತು. ಅಷ್ಟೆತ್ತರದ ಕಟ್ಟಡಗಳಲ್ಲಿ ಸಂಜೆ ಕಚೇರಿ ಬಿಟ್ಟಾಗ ಲಿಫ್ಟು ಮೇಲೆಯೇ ತುಂಬಿಬಿಟ್ಟರೆ, ಕೆಳಗಿನ ಅಂತಸ್ತಿನವರು ಕಾಯುತ್ತಲೇ ಇರಬೇಕು.

ಲಿಫ್ಟು ಯೋಜಿಸುವವರು ಐದು ನಿಮಿಷಕ್ಕೆ ಎಷ್ಟು ಜನ ಸಾಗುತ್ತಾರೆ, ಸರಾಸರಿ ಎಷ್ಟು ಹೊತ್ತು ಕಾಯುತ್ತಾರೆ ಎಂದು ಲೆಕ್ಕ ಹಾಕುತ್ತಾರೆ. ಸರಾಸರಿಯನ್ನು ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದವಳು ನಾನು. ಒಂಬತ್ತು ಜನ 20 ಸೆಕೆಂಡು, ಒಬ್ಬಾಕೆ 220 ಸೆಕೆಂಡು ಕಾದರೆ ಸರಾಸರಿ 40 ಮಾತ್ರ. ಆಕೆ ಮಂಡಿನೋವಿನವಳಾದರೆ ಮೆಟ್ಟಿಲಿಳಿಯುವ ದಾರಿಯೂ ಇಲ್ಲ. ಮನೆಮಂದಿಯೆಲ್ಲ ಬಿಸಿಬಿಸಿ ಉಂಡರೆಂಬ ಲೆಕ್ಕದಲ್ಲೂ ಕೊನೆಗೆ ಉಣ್ಣುವವಳು ಸೇರಿರುವುದಿಲ್ಲ, ಅಲ್ಲವೆ?

ಮೇಲಿನ ಅಂತಸ್ತುಗಳಿಗೆ ಕೆಲವು, ಕೆಳಗಿನವಕ್ಕೆ ಕೆಲವು ಎಂದು ಲಿಫ್ಟುಗಳನ್ನು ಹಂಚಿಬಿಡುವ ಕ್ರಮವೂ ಉಂಟು. ಅದರಿಂದ ಉಳಿದವರಿಗೆ ಐದಾರು ಸೆಕೆಂಡು ಹೆಚ್ಚಾದೀತು. ಆಗಲಿ. ನ್ಯಾಮತಿಯ ಬಸ್‌ಸ್ಟ್ಯಾಂಡಿರಲಿ, ಜಗಳೂರಿನ ಅಡುಗೆಮನೆಯಿರಲಿ, ಮಹಾನಗರದ ಮಹಡಿಯಿರಲಿ, ಎಲ್ಲರಿಗಿಂತ ಹೆಚ್ಚು ಕಾಯುವವರು ಯಾರು ಎಂದು ಮೊದಲು ಕೇಳಬೇಕು. ಸರಾಸರಿಯ ಮಾತು ಆಮೇಲೆ.