ಪಾತ್ರ ಬೆಳೆಯಿತು, ಪಾತ್ರತೆ?



ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ನೋಡಲು ಹೋದವರು ಓಬವ್ವನ ಕಿಂಡಿಯ ಮುಂದೆ ಒಂದು ಕ್ಷಣ ನಿಲ್ಲದೆ ಹಿಂದಿರುಗುವುದಿಲ್ಲ. ಮದಕರಿ ನಾಯಕನ ಕಾಲದಲ್ಲಿ ಹೈದರಾಲಿಯ ಸೈನಿಕರು ಆ ಇಕ್ಕಟ್ಟಾದ ಬಂಡೆಯ ಸಂದಿಯಿಂದ ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದಾಗ, ಊಟಕ್ಕೆ ಕುಳಿತಿದ್ದ ಕಾವಲುಗಾರ ಗಂಡನನ್ನು ಎಬ್ಬಿಸದೆ, ಕೈಗೆ ಸಿಕ್ಕ ಒನಕೆಯನ್ನೇ ಹಿಡಿದು ನಿಂತ ಗೃಹಿಣಿಯ ಕಥೆ ನಮ್ಮ ಜಿಲ್ಲೆಯ ಪ್ರತಿ ಮಗುವಿಗೂ ಗೊತ್ತು. 2021ರಿಂದ ರಾಜ್ಯ ಸರ್ಕಾರವು ನವೆಂಬರ್ 11ನ್ನು ಆಕೆಯ ಜಯಂತಿಯಾಗಿ ಆಚರಿಸುತ್ತಿದೆ. ಕಳೆದ ಸಲ ನಾನು ಆ ಕಿಂಡಿಯ ಮುಂದೆ ನಿಂತಿದ್ದಾಗ, ಜೊತೆಗಿದ್ದ ಅಕ್ಕನ ಮಗ ನಗುತ್ತಾ ಹೇಳಿದ: "ಮಾವ, ನಮ್ಮ ಗೇಮಿನಲ್ಲಾಗಿದ್ದರೆ ಓಬವ್ವನನ್ನು ಯಾರೂ ತಂಡಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಒನಕೆಗೆ ಅಲ್ಲಿ ಅಂಕವೇ ಬರುವುದಿಲ್ಲ."

ನಗೆಮಾತಾಗಿ ಆಡಿದ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅದರ ಬಗ್ಗೆಯೇ ಇಂದು ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬಯಸುತ್ತೇನೆ.

ನಿಮ್ಮ ಮನೆಯಲ್ಲಿಯೂ ಇಂಥ ಆಟವನ್ನು ಆಡುವ ಮಗನೋ ಮಗಳೋ ಇರಬಹುದು. ಈ ಆಟಗಳ ಮೂಲ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ, ಮೇಜಿನ ಸುತ್ತ ಕುಳಿತು ಆಡುವ ಆಟದಲ್ಲಿದೆ. 1999ರ 'ಎವರ್‌ಕ್ವೆಸ್ಟ್', 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಮುಂತಾದವು ಅದನ್ನು ಅಂತರ್ಜಾಲಕ್ಕೆ ಹಬ್ಬಿಸಿದವು. ಆಡುವವನು ತನಗೊಂದು ಪಾತ್ರವನ್ನು ಆರಿಸಿಕೊಳ್ಳುತ್ತಾನೆ. ಡಂಜನ್ ಎಂದರೆ ರಾಕ್ಷಸರಿಂದ ತುಂಬಿದ ನೆಲಮಾಳಿಗೆ ಅಥವಾ ಕೋಟೆ. ವಾರ್‌ಕ್ರಾಫ್ಟ್‌ನಲ್ಲಿ ಅದನ್ನು ಐವರು ಸೇರಿ ಭೇದಿಸಬೇಕು. ಏಟುಗಳನ್ನು ತನ್ನ ಮೇಲೆ ಎಳೆದುಕೊಳ್ಳುವವನು ಒಬ್ಬ, ಗಾಯ ಮಾಯಿಸುವವನು ಒಬ್ಬ, ಹೊಡೆಯುವವರು ಮೂವರು. ಗೆದ್ದರೆ ಕತ್ತಿ, ಕವಚ, ಶಿರಸ್ತ್ರಾಣಗಳು ದೊರೆಯುತ್ತವೆ. ಪ್ರತಿಯೊಂದು ಸಾಮಗ್ರಿಗೂ ಒಂದು ಸಂಖ್ಯೆಯಿದೆ, ದರ್ಜೆಗೆ ತಕ್ಕಂತೆ ಹಸಿರು, ನೀಲಿ, ನೇರಳೆ ಬಣ್ಣವಿದೆ. ಒಳ್ಳೆಯ ಸಾಮಗ್ರಿ ಧರಿಸಿದವನು ಇನ್ನೂ ಕಠಿಣವಾದ ಡಂಜನ್‌ಗೆ ಇಳಿಯುತ್ತಾನೆ, ಅಲ್ಲಿಂದ ಇನ್ನೂ ಉತ್ತಮವಾದುದನ್ನು ತರುತ್ತಾನೆ. ಪಾತ್ರವನ್ನು ಹೀಗೆ ಮೇಲೇರಿಸುತ್ತಾ ಹೋಗುವುದೇ ಆಟದ ಸಾರ.

ಇಂಥ ಆಟವನ್ನು ಹಿರಿಯರಾದ ನಾವು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಅಲ್ಲಿ ತಾಳ್ಮೆಯಿದೆ, ಒಂದೇ ರಾಕ್ಷಸನೆದುರು ಇಪ್ಪತ್ತು ಬಾರಿ ಸೋತು, ತಪ್ಪೆಲ್ಲಿ ಎಂದು ಚರ್ಚಿಸಿ, ಇಪ್ಪತ್ತೊಂದನೆಯ ಬಾರಿ ಗೆಲ್ಲುವ ಛಲವಿದೆ. ಒಬ್ಬರನ್ನೊಬ್ಬರು ನಂಬುವ ಒಗ್ಗಟ್ಟಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ನಿಷೇಧಿಸಿದೆ. ಆದರೆ ನಾನು ಹೇಳುತ್ತಿರುವ ಆಟ ಜೂಜಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಬದುಕಿನ ಉಳಿದೆಲ್ಲವನ್ನೂ ಅದು ನುಂಗಿ, ಹಾನಿಯಾದರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಚಿಕಿತ್ಸಾ ಕೇಂದ್ರವೇ ಇದೆ. ನನ್ನ ಅಳಿಯನಿಗೆ ಆ ಕಾಯಿಲೆಯೂ ಇಲ್ಲ. ಕಾನೂನಾಗಲಿ ವೈದ್ಯಶಾಸ್ತ್ರವಾಗಲಿ ಕೈಹಾಕದ ಕಡೆಯಲ್ಲಿಯೇ ಅಂತಃಕರಣದ ಪ್ರಶ್ನೆ ಆರಂಭವಾಗುತ್ತದೆ.

ಹೊಳಲ್ಕೆರೆ ತಾಲ್ಲೂಕಿನ ಅಕ್ಕನ ಮನೆಯಲ್ಲಿ ಕಳೆದ ಒಂದು ರಾತ್ರಿಯನ್ನು ನಿಮಗೆ ಹೇಳಬೇಕು. ಅಡಿಕೆ ತೋಟಕ್ಕೆ ನೀರು ಹಾಯಿಸಲು ತ್ರೀಫೇಸ್ ಕರೆಂಟು ಬರುವುದು ಅಲ್ಲಿ ಹೆಚ್ಚಾಗಿ ರಾತ್ರಿಯಲ್ಲಿಯೇ. ಹತ್ತೂವರೆಗೆ ಕರೆಂಟು ಬಂದಿತು. ಮಂಡಿನೋವಿರುವ ಭಾವ ಎದ್ದು, "ಟಾರ್ಚ್ ಹಿಡಿದು ಬಾರಪ್ಪ, ಮೋಟಾರ್ ಹಾಕಿ ಬರೋಣ" ಎಂದು ಮಗನನ್ನು ಕರೆದರು. ಕಾಲೇಜಿನ ರಜೆಗೆಂದು ಬಂದಿದ್ದ ಹುಡುಗ ಪರದೆಯಿಂದ ಕಣ್ಣು ತೆಗೆಯದೆ, "ಹತ್ತು ನಿಮಿಷ ಅಪ್ಪಾ, ನಾನು ಈಗ ಎದ್ದರೆ ಉಳಿದ ನಾಲ್ವರೂ ಸಾಯುತ್ತಾರೆ" ಎಂದ. ಅವನದು ಗಾಯ ಮಾಯಿಸುವವನ ಪಾತ್ರ. ಭಾವ ಒಂದು ನಿಮಿಷ ನಿಂತರು, ಬಳಿಕ ಒಬ್ಬರೇ ಹೊರಟರು. ನಾನು ಚಪ್ಪಲಿ ಮೆಟ್ಟಿ ಹಿಂದೆಯೇ ಹೋದೆ. ಅನಾಹುತವೇನೂ ಆಗಲಿಲ್ಲ. ಆದರೆ ದಾರಿಯುದ್ದಕ್ಕೂ ಭಾವ ಒಂದು ಮಾತನ್ನೂ ಆಡಲಿಲ್ಲ.

ಮರುದಿನ ನಾನು ಹುಡುಗನನ್ನು ಕೇಳಿದೆ. ಅವನು ಕೋಪಗೊಳ್ಳಲಿಲ್ಲ. "ಮಾವ, ಆ ನಾಲ್ವರು ನನ್ನನ್ನು ನಂಬಿ ಬಂದಿದ್ದರು. ನಾನು ಬಿಟ್ಟು ಹೋದರೆ ಅದೂ ಮೋಸವಲ್ಲವೇ? ಮತ್ತೊಂದು ಮಾತು. ಅಲ್ಲಿ ನಾನು ಮಾಡಿದ ಪ್ರತಿಯೊಂದು ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ನಾನು ಮಾಡಿದ್ದು ಯಾರಿಗೂ ಕಾಣುವುದಿಲ್ಲ, ಮಾಡದಿದ್ದದ್ದು ಮಾತ್ರ ಕಾಣುತ್ತದೆ" ಎಂದ.

ಪ್ರಿಯ ಪೋಷಕರೇ, ಈ ಮಾತಿಗೆ ನಮ್ಮ ಬಳಿ ಏನು ಉತ್ತರವಿದೆ? ನಮ್ಮದು ಬಯಲುಸೀಮೆ. ಹಿರಿಯೂರಿನ ವಾಣಿವಿಲಾಸ ಸಾಗರವು ನಿರ್ಮಾಣಗೊಂಡದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಭತ್ತೊಂಭತ್ತು ವರ್ಷಗಳ ನಂತರ. ಈ ನೆಲದಲ್ಲಿ ಈರುಳ್ಳಿ ಬೆಳೆದವನಿಗೂ ಕೊಳವೆಬಾವಿ ಕೊರೆಸಿದವನಿಗೂ ದುಡಿದಷ್ಟು ಫಲ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಆಟದಲ್ಲಾದರೋ ಆ ಭರವಸೆಯಿದೆ: ಇಷ್ಟು ಸಲ ಇಳಿದರೆ ಇಷ್ಟು ಅಂಕ, ಇಷ್ಟು ಅಂಕಕ್ಕೆ ಇಂಥ ಕವಚ. ನಮ್ಮ ಮಕ್ಕಳು ಅಲ್ಲಿಗೆ ಓಡುವುದು ಸೋಮಾರಿತನದಿಂದಲ್ಲ, ಶ್ರಮಕ್ಕೆ ಬೆಲೆಯಿರುವ ಲೋಕವೊಂದನ್ನು ಹುಡುಕಿಕೊಂಡು. ಮನೆಯಲ್ಲಿ ಒಂದು ಮೆಚ್ಚುಗೆಯ ಮಾತನ್ನು ನಾವು ಎಷ್ಟು ದಿನಕ್ಕೊಮ್ಮೆ ಆಡುತ್ತೇವೆ?

ಆದರೂ ಆ ಲೋಕದ ನ್ಯಾಯಕ್ಕೆ ಇನ್ನೊಂದು ಮುಖವಿದೆ. ಅದನ್ನೂ ಹುಡುಗನೇ ಹೇಳಿದ. ಅದೇ ರಾತ್ರಿ ಅವರು ಒಬ್ಬ ಹೊಸಬನನ್ನು ಮೊದಲೇ ಹೊರಗೆ ಹಾಕಿದ್ದರಂತೆ. "ಅವನಿಗೆ ಆಡಲು ಬರುತ್ತಿರಲಿಲ್ಲವೇ?" ಎಂದೆ. "ಗೊತ್ತಿಲ್ಲ ಮಾವ. ಅವನ ಸಾಮಗ್ರಿಯ ಸಂಖ್ಯೆ ಕಡಿಮೆಯಿತ್ತು" ಎಂದ. ಒಳ್ಳೆಯ ಸಾಮಗ್ರಿ ಬೇಕಾದರೆ ಡಂಜನ್‌ಗೆ ಇಳಿಯಬೇಕು. ಇಳಿಯಬೇಕಾದರೆ ಒಳ್ಳೆಯ ಸಾಮಗ್ರಿ ಇರಬೇಕು. ಇಲ್ಲದವನು ಬಾಗಿಲಲ್ಲೇ ಉಳಿಯುತ್ತಾನೆ.

ಇದನ್ನು ಕೇಳಿ ನಾನು ನಗಲಾಗಲಿಲ್ಲ. ಅನುಭವವಿದ್ದವರಿಗೆ ಮಾತ್ರ ಕೆಲಸ ಎನ್ನುವ ನಾವು, ಅಂಕಪಟ್ಟಿ ನೋಡಿ ಮಗುವನ್ನು ಅಳೆಯುವ ನಾವು, ಮನೆ ತೋಟ ಒಡವೆ ನೋಡಿ ಸಂಬಂಧ ಬೆಳೆಸುವ ನಾವು ಮಾಡುತ್ತಿರುವುದೂ ಇದನ್ನೇ ಅಲ್ಲವೇ? ಆಟವು ನಮ್ಮ ಮಕ್ಕಳಿಗೆ ಹೊಸ ಪಾಪವನ್ನೇನೂ ಕಲಿಸಿಲ್ಲ. ನಾವು ಮುಚ್ಚಿಟ್ಟುಕೊಂಡ ಲೆಕ್ಕಾಚಾರವನ್ನು ಅದು ಸಂಖ್ಯೆಯಾಗಿ ತೋರಿಸಿದೆ, ಅಷ್ಟೇ.

ಸಾಮಗ್ರಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ನೇಗಿಲು, ಒಳ್ಳೆಯ ಶಾಲೆ, ಒಳ್ಳೆಯ ಔಷಧ ಎಲ್ಲವೂ ಬೇಕು. ಬರಿಗೈಯಲ್ಲಿ ನಿಲ್ಲುವುದೇ ವೀರತ್ವವೆಂದು ಬಡವರಿಗೆ ಉಪದೇಶಿಸುವುದು ಕ್ರೂರವಾದೀತು. ಆದರೆ ಅರಸ ಸೌಲನು ತೊಡಿಸಿದ ಕವಚವನ್ನು ಬಾಲಕ ದಾವೀದನು ಏಕೆ ಕಳಚಿಟ್ಟ ಎಂಬುದನ್ನು ನೆನೆಯಿರಿ. ಅದು ಕಳಪೆಯೆಂದಲ್ಲ, ಅದು ತನಗೆ ಅಭ್ಯಾಸವಿಲ್ಲವೆಂದು. ಕುರಿ ಕಾಯುತ್ತಾ ಕಲಿತ ಕವಣೆ ಅವನ ಕೈಗೆ ಒಗ್ಗಿತ್ತು. ಓಬವ್ವನ ಒನಕೆಯೂ ಹಾಗೆಯೇ. ಪ್ರತಿದಿನ ಭತ್ತ ಕುಟ್ಟಿದ ತೋಳಿಗೆ ಅದರ ತೂಕ ಪರಿಚಿತವಾಗಿತ್ತು. ಅಷ್ಟೇ ಅಲ್ಲ, 'ಇದು ನನ್ನ ಕೆಲಸವಲ್ಲ' ಎನ್ನದ ಮನಸ್ಸು ಆಕೆಯಲ್ಲಿ ಅದಾಗಲೇ ಸಿದ್ಧವಾಗಿತ್ತು. ಆ ಕ್ಷಣದಲ್ಲಿ ಅದನ್ನು ಯಾವ ಅಂಗಡಿಯಿಂದಲೂ ತರಲಾಗುತ್ತಿರಲಿಲ್ಲ.

ಕವಚದ ಆಯುಷ್ಯವಾದರೂ ಎಷ್ಟು? ವಾರ್‌ಕ್ರಾಫ್ಟ್‌ನಲ್ಲಿ ನಲವತ್ತು ಜನ ಸೇರಿ ತಿಂಗಳುಗಟ್ಟಲೆ ಹೋರಾಡಿ ಗಳಿಸಿದ ನೇರಳೆ ಬಣ್ಣದ ಆಯುಧಗಳನ್ನು, 2007ರ ಜನವರಿಯಲ್ಲಿ ಆಟದ ವಿಸ್ತರಣೆ ಬಂದೊಡನೆ, ದಾರಿಬದಿಯಲ್ಲಿ ಸುಲಭವಾಗಿ ಸಿಗುವ ಹಸಿರು ಬಣ್ಣದ ಆಯುಧಗಳು ಮೂಲೆಗೆ ತಳ್ಳಿದವು. ಏಳು ಸುತ್ತುಗಳ ನಮ್ಮ ಕಲ್ಲಿನ ಕೋಟೆಯೂ 1779ರಲ್ಲಿ ಹೈದರಾಲಿಯ ವಶವಾಯಿತು. ಆದರೆ ಒನಕೆ ಹಿಡಿದವಳ ನೆನಪು ಮಾತ್ರ ಯಾರ ವಶವೂ ಆಗಲಿಲ್ಲ.

ಕನ್ನಡದಲ್ಲಿ 'ಪಾತ್ರ' ಎಂಬ ಪದಕ್ಕೆ ನಾಟಕದಲ್ಲಿ ವಹಿಸುವ ವೇಷವೆಂಬ ಅರ್ಥವಿದೆ, ತುಂಬಿಡುವ ಕೊಡವೆಂಬ ಅರ್ಥವೂ ಇದೆ. 'ನಂಬಿಕೆಗೆ ಪಾತ್ರನಾದವನು' ಎಂದಾಗ ಅದೇ ಪದ ಯೋಗ್ಯತೆಯನ್ನು ಸೂಚಿಸುತ್ತದೆ. ಪರದೆಯ ಮೇಲಿನ ಪಾತ್ರ ಎತ್ತರಕ್ಕೇರುತ್ತಿರುವಾಗ ಕುರ್ಚಿಯಲ್ಲಿ ಕುಳಿತವನ ಪಾತ್ರತೆಯೂ ಏರುತ್ತಿದೆಯೇ? ಆಟದಲ್ಲಿ ಕಲಿತ ತಾಳ್ಮೆ ಅಜ್ಜಿಯ ಮಾತು ಕೇಳುವಾಗಲೂ ಉಳಿದರೆ, ಕಾಣದ ನಾಲ್ವರ ಗಾಯ ಮಾಯಿಸಿದ ಕೈ ಕಾಣುವ ಅಪ್ಪನಿಗೆ ಟಾರ್ಚ್ ಹಿಡಿದರೆ, ಆ ಆಟ ವ್ಯರ್ಥವಲ್ಲ. ಪರದೆ ಆರಿದೊಡನೆ ಎಲ್ಲವೂ ಆರಿಹೋದರೆ ಬೆಳೆದದ್ದು ವೇಷ ಮಾತ್ರ.

ಹುಡುಗನ ಪ್ರಶ್ನೆಗೆ ಉತ್ತರವನ್ನು ಕೊನೆಗೆ ಅವನೇ ಕಂಡುಕೊಂಡ. ನಾನು ಊರಿಗೆ ಹೊರಡುವ ಹಿಂದಿನ ರಾತ್ರಿ ಆಟಕ್ಕೆ ಕೂರುವ ಮೊದಲೇ ತನ್ನ ಗೆಳೆಯರಿಗೆ, "ನಮ್ಮ ತೋಟಕ್ಕೆ ಕರೆಂಟು ಬಂದರೆ ನಾನು ಎದ್ದು ಹೋಗಲೇಬೇಕು. ಒಪ್ಪಿಗೆಯಿದ್ದರೆ ಮಾತ್ರ ಆರಂಭಿಸೋಣ" ಎಂದು ತಿಳಿಸಿದ. ಕೊಡಲಾರದ ಮಾತನ್ನು ಕೊಡದಿರುವುದೂ ಒಂದು ಪ್ರಾಮಾಣಿಕತೆ. ಅವರು ಒಪ್ಪಿದರು. ಹನ್ನೊಂದಕ್ಕೆ ಕರೆಂಟು ಬಂದಾಗ ಅವನು ಎದ್ದ. ಹಿಂದಿರುಗಿದ ಮೇಲೆ ಭಾವ ಅಕ್ಕನಿಗೆ ಹೇಳಿದ್ದು ಇಷ್ಟೇ: "ಇವತ್ತು ಮಗ ಜೊತೆಗಿದ್ದ, ಬೇಗ ಮುಗಿಯಿತು." ಹುಡುಗ ತಲೆಯೆತ್ತಿ ನೋಡಿದ. ಆ ಮನೆಯಲ್ಲಿ ಅವನ ಕೆಲಸ ಅಂದು ಲೆಕ್ಕಕ್ಕೆ ಬಂದಿತ್ತು.

ಓದುಗರೇ, ಇಂದು ರಾತ್ರಿ ನಿಮ್ಮ ಮನೆಯಲ್ಲಿ ಪರದೆಯ ಮುಂದೆ ಕುಳಿತಿರುವ ಮಗುವಿನ ಪಕ್ಕದಲ್ಲಿ ಐದು ನಿಮಿಷ ಕುಳಿತುಕೊಳ್ಳಿ. ಅದರ ಪಾತ್ರ ಯಾವುದು, ತಂಡದಲ್ಲಿ ಅದರ ಹೊಣೆಯೇನು ಎಂದು ಕೇಳಿ. ಆಮೇಲೆ ನಿಮ್ಮನ್ನೂ ಒಮ್ಮೆ ಕೇಳಿಕೊಳ್ಳಿ: ಮನೆ, ಹುದ್ದೆ, ಬ್ಯಾಂಕಿನ ಪುಸ್ತಕ ಎಲ್ಲವನ್ನೂ ಕಳಚಿಟ್ಟ ಮೇಲೆ, ಕಿಂಡಿಯ ಬಳಿ ನಿಲ್ಲಲು ನನ್ನೊಳಗೆ ಏನು ಉಳಿದಿದೆ?