ಕೊಡುವವನು ನಿಂತ ನೆಲೆ

ಇಂಗ್ಲಿಷಿನ ‘ಪಿಟಿ’, ‘ಮರ್ಸಿ’, ‘ಕಂಪ್ಯಾಶನ್’ ಎಂಬ ಮೂರು ಮಾತುಗಳಿಗೂ ನಮ್ಮ ಹುಡುಗರು ‘ದಯೆ’ ಎಂದೇ ಅರ್ಥ ಬರೆದುಕೊಳ್ಳುತ್ತಾರೆ. ಗದಗ ಸೀಮೆಯ ಮುಶಿಗೇರಿಯಲ್ಲಾಗಲಿ ರೋಣದಲ್ಲಾಗಲಿ ಪರೀಕ್ಷೆಗೆ ಅಷ್ಟು ಸಾಕು. ಆದರೆ ಧರ್ಮದ ಬೇರನ್ನು ದಯೆಯಲ್ಲಿಯೇ ಕಂಡ ಶರಣರ ನಾಡಿನಲ್ಲಿ, ಆ ದಯೆಯು ಒಂದೇ ಬಗೆಯದೋ ಹಲವು ಬಗೆಯದೋ ಎಂಬ ವಿಚಾರವನ್ನು ಕೇವಲ ಶಬ್ದಕೋಶದ ಪಾಲಿಗೆ ಬಿಟ್ಟುಬಿಡುವುದು ನನಗೆ ಸರಿದೋರದು. ಸಮಾನಾರ್ಥಕಗಳೆಂದು ನಾವು ಒಂದೇ ಕಟ್ಟಿನಲ್ಲಿ ಕಟ್ಟಿಡುವ ಪದಗಳು ವಸ್ತುವಿನಲ್ಲಿಯೇ ಇರುವ ಭೇದವನ್ನು ತೋರುತ್ತವೆಯೋ, ಅಥವಾ ಆ ಭೇದವು ನಾಲಗೆಯ ವಿಲಾಸಮಾತ್ರವೋ ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಅದನ್ನು ಆಳವಾಗಿ ಶೋಧಿಸಿದವರು ನಮ್ಮಲ್ಲಿಯೇ ಆಗಿಹೋಗಿದ್ದಾರೆ.

ಒಂದೇ ಅರ್ಥಕ್ಕೆ ಅನೇಕ ಶಬ್ದಗಳನ್ನು ಕಲ್ಪಿಸುವುದು ನ್ಯಾಯವಲ್ಲವೆಂದು ಮೀಮಾಂಸಕರು ಅಂದರು. ಜೈನ ದಾರ್ಶನಿಕರು ಇನ್ನೂ ಸೂಕ್ಷ್ಮವಾಗಿ ನಡೆದರು. ಅವರು ಎಣಿಸುವ ಏಳು ನಯಗಳಲ್ಲಿ ಐದನೆಯದಾದ ಶಬ್ದನಯವು ಇಂದ್ರ, ಶಕ್ರ, ಪುರಂದರ ಎಂಬವು ಒಬ್ಬನವೇ ಹೆಸರುಗಳೆಂದು ಒಪ್ಪುವುದಾದರೆ, ಆರನೆಯದಾದ ಸಮಭಿರೂಢನಯವು ಅದನ್ನು ಒಪ್ಪದೆ, ಐಶ್ವರ್ಯದಿಂದ ಇಂದ್ರನು, ಸಾಮರ್ಥ್ಯದಿಂದ ಶಕ್ರನು, ಪುರಗಳನ್ನು ಭೇದಿಸುವುದರಿಂದ ಪುರಂದರನು ಎಂದು ಪದಪದಕ್ಕೂ ಅರ್ಥವನ್ನು ಬೇರ್ಪಡಿಸುತ್ತದೆ. ಏಳನೆಯದಾದ ಏವಂಭೂತನಯಕ್ಕೆ ಅಷ್ಟೂ ಸಾಲದು. ಪುರವನ್ನು ಭೇದಿಸುತ್ತಿರುವ ಕ್ಷಣದಲ್ಲಿ ಮಾತ್ರ ಅವನು ಪುರಂದರನು. ಗದಗಿನ ಬಳಿಯ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಲೋಕವು ದಾನಚಿಂತಾಮಣಿಯೆಂದು ಕೊಂಡಾಡಿತು. ಏವಂಭೂತದ ಕಣ್ಣಿನಿಂದ ನೋಡಿದರೆ ಆ ಬಿರುದು ಸತ್ಯವಾದದ್ದು ಆಕೆಯ ಕೈಯಿಂದ ಓಲೆಯ ಕಟ್ಟು ಮತ್ತೊಬ್ಬರ ಕೈಗೆ ದಾಟುತ್ತಿದ್ದಾಗ. ಇದನ್ನು ತರ್ಕದ ಅತಿರೇಕವೆನ್ನುವವರಿರಬಹುದು. ಶೀಲವಿಚಾರದಲ್ಲಿ ಇದಕ್ಕಿಂತ ಉಪಯುಕ್ತವಾದ ನಯವನ್ನು ನಾನು ಕಾಣೆ.

ಈ ನಯದಿಂದ ಆ ಮೂರು ಇಂಗ್ಲಿಷ್ ಮಾತುಗಳನ್ನು ನೋಡಿದೊಡನೆ ಅವು ಬೇರೆ ಬೇರೆಯಾಗಿ ನಿಲ್ಲುತ್ತವೆ. ಪಿಟಿಯುಳ್ಳವನು ದಡದಲ್ಲಿ ನಿಂತಿರುವನು; ಕೆಳಗಿನವನ ಸಂಕಟ ಅವನ ಕಣ್ಣಿಗೆ ಮುಟ್ಟುವುದೇ ಹೊರತು ಮೈಗೆ ಮುಟ್ಟುವುದಿಲ್ಲ, ಆದುದರಿಂದಲೇ ಅದು ಸ್ವಲ್ಪ ಜಾರಿದರೆ ತಿರಸ್ಕಾರವಾಗುತ್ತದೆ. ಮರ್ಸಿಯಾದರೋ ದಂಡಿಸಬಲ್ಲವನ ಸೊತ್ತು. ಸಾಹುಕಾರನು ಸಾಲಗಾರನಿಗೆ ಮರ್ಸಿ ತೋರಬಹುದು, ಸಾಲಗಾರನು ಸಾಹುಕಾರನಿಗೆ ತೋರಲಾರ. ಕಂಪ್ಯಾಶನ್ನಿಗೆ ಅದರ ಲ್ಯಾಟಿನ್ ಮೂಲದಲ್ಲಿ ಜೊತೆಗೆ ನೋಯುವುದೆಂದೇ ಅರ್ಥ. ಒಬ್ಬನ ನೋವಿಗೆ ಮತ್ತೊಬ್ಬನು ಕಂಪಿಸುವುದೆಂಬ ನಮ್ಮ ‘ಅನುಕಂಪ’ವೂ ಅದೇ ನೆಲೆಯದು. ಮೂವರೂ ಕೊಡುವುದು ಒಂದೇ ಹಿಡಿ ಜೋಳವಾಗಿರಬಹುದು. ಭೇದವು ಜೋಳದಲ್ಲಿಲ್ಲ, ಕೊಡುವವನು ನಿಂತ ನೆಲೆಯಲ್ಲಿದೆ. ಇವುಗಳನ್ನು ದೇವರಿಗೆ ಅನ್ವಯಿಸಿದಾಗ ಪ್ರಶ್ನೆ ಇನ್ನೂ ಗಹನವಾಗುತ್ತದೆ. ಮರ್ಸಿ ತೋರುವ ದೇವರು ನ್ಯಾಯಾಸನದಲ್ಲಿ ಕುಳಿತಿರುವನು. ಕಂಪ್ಯಾಶನ್ನಿನ ದೇವರು ನಮ್ಮೊಡನೆ ನೋಯಬೇಕಾಗುವುದು. ನಿರ್ವಿಕಾರನಾದವನು ನೋಯುವುದೆಂತು? ವೇದಾಂತಿಗಳಂತೆ ಕ್ರೈಸ್ತ ತತ್ತ್ವಜ್ಞರೂ ಇದರೊಡನೆ ಹೆಣಗಿದ್ದಾರೆ. ಎರಡು ಪದಗಳನ್ನೂ ‘ದಯೆ’ಯೆಂದು ಬರೆದುಕೊಂಡ ಹುಡುಗನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ, ಅವನಿಗಾದ ನಷ್ಟವೆಂದರೆ ಅದೇ.

ಇಂಗ್ಲಿಷರು ತಾವೇ ಇಂತಹ ಒಂದು ಭೇದಕ್ಕಾಗಿ ಘನವಾಗಿ ಕಾದಾಡಿದರು. 1526ರಲ್ಲಿ ಟಿಂಡೇಲನು ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ, ಸಂತ ಪೌಲನು ಎಲ್ಲಕ್ಕಿಂತ ದೊಡ್ಡದೆಂದು ಹೇಳಿದ ಗುಣಕ್ಕೆ ‘ಲವ್’ ಎಂಬ ಪದವನ್ನಿಟ್ಟನು; ‘ಚಾರಿಟಿ’ಯನ್ನು ತಳ್ಳಿದ್ದು ತಪ್ಪೆಂದು ಥಾಮಸ್ ಮೋರನು ಖಂಡಿಸಿದನು; 1611ರ ಬೈಬಲ್ ‘ಚಾರಿಟಿ’ಯನ್ನೇ ಉಳಿಸಿಕೊಂಡಿತು, 1881ರ ಪರಿಷ್ಕರಣವು ಮರಳಿ ‘ಲವ್’ ಎಂದಿತು. ಆ ನಡುವೆ ಚಾರಿಟಿಯೆಂಬುದು ಹೃದಯದ ಗುಣವಾಗಿದ್ದುದು ತಪ್ಪಿ, ಉಳ್ಳವನು ಇಲ್ಲದವನಿಗೆ ಹಾಕುವ ಕಾಸಿನ ಹೆಸರಾಗಿಬಿಟ್ಟಿತ್ತು.

ಆದರೆ ಈ ವಿವೇಕಕ್ಕಾಗಿ ಸಮುದ್ರ ದಾಟಬೇಕಾದುದಿಲ್ಲ. ಮುಶಿಗೇರಿಯ ಸೀಮೆಯ ಎರೆಹೊಲಗಳಲ್ಲಿ ಕಣ ಮಾಡಿ ರಾಶಿ ಮಾಡುತ್ತಿದ್ದ ಕಾಲದಲ್ಲಿ, ತೂರಿ ಹಸನು ಮಾಡಿದ ಬಿಳಿಜೋಳವು ಮನೆಯ ಹಗೇವಿಗೆ ಹೋಗುವ ಮುಂಚೆ, ರೈತನ ಮೊರವು ಹಲವು ಸಾರಿ ತುಂಬುತ್ತಿತ್ತು. ಕೂರಿಗೆ ಕುಂಟೆಗಳನ್ನು ಮಾಡಿಕೊಟ್ಟ ಬಡಿಗನೂ, ಕುಳ ಹಣಿದುಕೊಟ್ಟ ಕಂಬಾರನೂ ತಂತಮ್ಮ ಆಯವನ್ನು ಒಯ್ಯಲು ಬರುತ್ತಿದ್ದರು. ಅವರು ಕೈಯೊಡ್ಡುತ್ತಿರಲಿಲ್ಲ, ಚೀಲ ಬಿಚ್ಚಿ ಹಿಡಿಯುತ್ತಿದ್ದರು, ಅಳತೆ ಕಡಮೆಯೆನಿಸಿದರೆ ನಿಂತು ಜಗಳಾಡುತ್ತಿದ್ದರು, ಆ ಜಗಳವನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಜೋಳಿಗೆ ಹಿಡಿದು ಬಂದ ಜಂಗಮನಿಗೆ ಅದೇ ರೈತನು ಬಾಗಿ ಕೊಡುತ್ತಿದ್ದನು. ಅಲ್ಲಿ ಕೊಟ್ಟವನೇ ಕಿಂಕರನು, ಇಸಿದುಕೊಂಡವನು ಒಡೆಯನು. ದಾಸೋಹವೆಂಬುದರ ತಿರುಳು ಇದೇ. ಹಕ್ಕಲ ಆಯುವ ಬಡ ಹೆಂಗಸಿಗೆ ಯಾರೂ ಏನನ್ನೂ ಕೊಡುತ್ತಿರಲಿಲ್ಲ. ಹೊಲದಲ್ಲಿ ಉಳಿದ ತೆನೆ ಆಕೆಯದೆಂದು ಎಲ್ಲರೂ ಬಲ್ಲರು. ಒಂದೇ ರಾಶಿ, ಒಂದೇ ಜೋಳ. ಆದರೆ ಆಯವನ್ನು ದಾನವೆಂದಿದ್ದರೆ ಕಂಬಾರನಿಗೆ ಅವಮಾನವಾಗುತ್ತಿತ್ತು, ದಾಸೋಹವನ್ನು ಭಿಕ್ಷೆಯೆಂದಿದ್ದರೆ ರೈತನಿಗೇ ಪಾಪ ತಟ್ಟಿದಂತಾಗುತ್ತಿತ್ತು. ಸಮಭಿರೂಢನಯವನ್ನು ಓದದ ಜನ ಅದನ್ನು ಬಾಳುತ್ತಿದ್ದರು.

ಕಣವೇ ಬರಿದಾದ ವರ್ಷಗಳೂ ಬಂದವು. 1876ರಿಂದ 78ರ ವರೆಗಿನ ಮಹಾಕ್ಷಾಮದಲ್ಲಿ, ಆಗ ರೋಣವನ್ನೊಳಗೊಂಡಿದ್ದ ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಯ ಅತ್ಯಂತ ಪೀಡಿತ ಪ್ರದೇಶಗಳಲ್ಲಿ ಒಂದಾಗಿತ್ತು. ಮಳೆಯಿಲ್ಲದಲ್ಲಿ ರಾಶಿಯಿಲ್ಲ, ರಾಶಿಯಿಲ್ಲದಲ್ಲಿ ಆಯವಿಲ್ಲ. ಚೀಲ ಬಿಚ್ಚಿ ಹಿಡಿಯುತ್ತಿದ್ದ ಕಂಬಾರನಂತಹವರು ಸರಕಾರದ ಕಾಮಗಾರಿಯಲ್ಲಿ ಜಲ್ಲಿ ಒಡೆಯಲು ನಿಂತರು. ಅಲ್ಲಿ ಸಿಗುತ್ತಿದ್ದುದರ ಹೆಸರು ‘ರಿಲೀಫ್’. ಅದನ್ನು ದುಡಿಸಿ ಕೊಡುವುದೆಂದೂ, ದುಡಿಯಲಾರದವರಿಗೆ ಪುಕ್ಕಟೆ ಕೊಡುವುದೆಂದೂ ಅಧಿಕಾರಿಗಳು ಇಬ್ಬಗೆಯಾಗಿ ವಿಂಗಡಿಸಿದರು. ಯಾವ ಪಂಕ್ತಿಗೆ ಯಾರು ಸೇರುವರೆಂಬುದರ ಮೇಲೆ ಪ್ರಾಣ ನಿಂತಿತ್ತು. ವೈಸರಾಯನ ಪ್ರತಿನಿಧಿಯಾಗಿ 1877ರ ಆರಂಭದಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್ಲನು ದುಡಿಯುವ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದು ಆಣೆಗೆ ಇಳಿಸಿದನು. ಮದ್ರಾಸಿನಲ್ಲಿ ಡಾಕ್ಟರ್ ಕಾರ್ನಿಷ್ ಅದು ದೇಹಕ್ಕೆ ಸಾಲದೆಂದು ಪ್ರತಿಭಟಿಸಿದರು. ಸರಕಾರದ ದೃಷ್ಟಿಯಲ್ಲಿ ಅದು ಕರುಣೆಯಿಂದ ಇತ್ತದ್ದು, ಕರುಣೆಗೆ ಅಳತೆಯನ್ನು ನಿಶ್ಚಯಿಸುವವನು ಕೊಡುವವನೇ. ಮುಂಬಯಿ ಇಲಾಖೆಯ ಕಾಮಗಾರಿಗಳಲ್ಲಿ ಸಾವಿರಾರು ಜನ, ಹಸಿದ ಹೊಟ್ಟೆಯಲ್ಲಿಯೇ, ಆ ಇಳಿಸಿದ ಕೂಲಿಯನ್ನು ಒಲ್ಲೆವೆಂದು ಸನಿಕೆ ಕೆಳಗಿಟ್ಟು ಹೊರಟುಹೋದರು. ಪುಣೆಯ ‘ಸಾರ್ವಜನಿಕ ಸಭಾ’ ಎಂಬ ಸಂಸ್ಥೆಯು ಅವರ ಪರವಾಗಿ ಸರಕಾರಕ್ಕೆ ಬರೆಯಿತು. ಅಧಿಕಾರಿಗಳಿಗೆ ಅದು ಮೊಂಡುತನವಾಗಿ ತೋರಿತು. ಕಣದಲ್ಲಿ ಅಳತೆಗಾಗಿ ನಿಂತು ಜಗಳಾಡಿ ಬಲ್ಲವರಿಗೆ ಅದು ಹಾಗೆ ತೋರದು. ಮರ್ಸಿಯೆಂದು ಮುಂದೆ ಚಾಚಿದ್ದರಲ್ಲಿ ಅವರು ತಮ್ಮ ಆಯವನ್ನು ಕೇಳುತ್ತಿದ್ದರು.