ಮಣ್ಣಿನ ಗೋಡೆಯೂ ಪರೋಪದೇಶವೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆ ಕಟ್ಟಿಸುವವನೂ ಅದರಲ್ಲಿ ಬಾಳುವವನೂ ಒಬ್ಬನೇ ಆಗಿದ್ದ. ಈಗ ಹಾಗಿಲ್ಲ. ಹಳ್ಳಿಯವನ ಮನೆ ಹೇಗಿರಬೇಕೆಂದು ಪಟ್ಟಣದಲ್ಲಿ ಕುಳಿತವರು ಯೋಚಿಸುತ್ತಾರೆ. ಯೋಚಿಸುವುದು ತಪ್ಪಲ್ಲ. ಆದರೆ ಇನ್ನೊಬ್ಬನಿಗೆ ಸರಳತೆಯನ್ನು ಬೋಧಿಸುವ ಅಧಿಕಾರ ಯಾರಿಗೆ, ಎಷ್ಟರಮಟ್ಟಿಗೆ ಉಂಟು ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಮಣ್ಣಿನ ಮನೆಯ ಪರವಾದ ವಾದ ಬಲವಾದದ್ದೇ. ಇಟ್ಟಿಗೆ ಸುಡಲು ಸೌದೆಯೋ ಕಲ್ಲಿದ್ದಲೋ ಬೇಕು. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಡುವಾಗ ಇಂಧನದ ಹೊಗೆಯ ಜೊತೆಗೆ ಕಲ್ಲಿನೊಳಗಿನ ಇಂಗಾಲವೂ ಅನಿಲವಾಗಿ ಗಾಳಿಗೆ ಸೇರುತ್ತದೆ. ಮಣ್ಣಿನ ದಪ್ಪ ಗೋಡೆಯಾದರೋ ಹಗಲಿನ ಕಾವನ್ನು ತನ್ನಲ್ಲೇ ತಡೆದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಒಲೆಗೆ ಹಾಕದೆ ನೀರುಣಿಸಿ ಗಟ್ಟಿಮಾಡುವ ಇಟ್ಟಿಗೆಯನ್ನು ಬಳಕೆಗೆ ತಂದರು.

ಆದರೂ ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ ಹಳ್ಳಿಯವನು ತಾರಸಿ ಮನೆಯನ್ನೇ ಬಯಸುತ್ತಾನೆ. ಇದನ್ನು ಅನುಕರಣದ ಮೋಹವೆಂದು ತಳ್ಳಿಹಾಕುವುದು ಸುಲಭ. ಅವನ ಕಾರಣಗಳನ್ನು ಕೇಳಬೇಡವೆ? ಮಳೆಗಾಲಕ್ಕೆ ಮುಂಚೆ ಗೋಡೆಗೆ ಮಣ್ಣು ಮೆತ್ತಬೇಕು, ನೆಲಕ್ಕೆ ಮತ್ತೆ ಮತ್ತೆ ಸಗಣಿ ಸಾರಿಸಬೇಕು. ನಾವು ಹೊಗಳುವ ತಂಪಿನ ಹಿಂದೆ ಆ ಮನೆಯ ಹೆಂಗಸರ ರಟ್ಟೆಯ ದುಡಿಮೆಯಿದೆ. ಇನ್ನು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಲಾತೂರು ಸೀಮೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ, ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳೂ ಭಾರವಾದ ಮಣ್ಣು ಮಾಳಿಗೆಗಳೂ ಕುಸಿದು, ಮಲಗಿದ್ದ ಸಾವಿರಾರು ಜನ ಸತ್ತರು. ಅದನ್ನು ಕಂಡವರು ಮಣ್ಣನ್ನು ನಂಬದಿದ್ದರೆ ಅದು ಮೌಢ್ಯವಲ್ಲ.

ಒಳ್ಳೆಯ ಉದ್ದೇಶವೊಂದೇ ಸಾಲದೆಂಬುದಕ್ಕೆ ಈಜಿಪ್ಟಿನಲ್ಲಿ ನಿದರ್ಶನವಿದೆ. ಅಲ್ಲಿನ ವಾಸ್ತುಶಿಲ್ಪಿ ಹಸನ್ ಫಾತಿಯವರು 1940ರ ದಶಕದಲ್ಲಿ ಗುರ್ನಾ ಗ್ರಾಮಸ್ಥರಿಗಾಗಿ ಹಸಿ ಇಟ್ಟಿಗೆಯ ಹೊಸ ಊರೊಂದನ್ನು ಕಟ್ಟಿಸಿದರು. ಕಮಾನು, ಗುಮ್ಮಟಗಳ ಚೆಲುವಾದ ಊರು. ಹಳೆಯ ಊರು ಪ್ರಾಚೀನ ಗೋರಿಗಳ ಮೇಲಿತ್ತು. ಆ ಗೋರಿಗಳೇ ಹಲವರ ಜೀವನೋಪಾಯವಾಗಿದ್ದವು. ಗ್ರಾಮಸ್ಥರಲ್ಲಿ ಹೆಚ್ಚಿನವರು ಹೊಸ ಊರಿಗೆ ಹೋಗಲೊಪ್ಪಲಿಲ್ಲ. ಅವರನ್ನು ಅಲ್ಲಿಂದ ಎಬ್ಬಿಸಬೇಕೆಂಬುದು ಸರ್ಕಾರದ ಇಚ್ಛೆಯಾಗಿತ್ತೇ ಹೊರತು ಅವರದಾಗಿರಲಿಲ್ಲ.

ಗಾಂಧೀಜಿಯವರು 1936ರಲ್ಲಿ ಸೇಗಾಂವ್ ಸೇರಿ ಮಣ್ಣಿನ ಗೋಡೆಯ ಮನೆಯಲ್ಲಿ ನೆಲೆಸಿದರು. ಅದು ಅವರೇ ಆರಿಸಿಕೊಂಡದ್ದು. ಆದುದರಿಂದಲೇ ಅದು ವ್ರತ. ಬೇರೆ ಗತಿಯಿಲ್ಲದವನು ಅಂಥದೇ ಮನೆಯಲ್ಲಿದ್ದರೆ ಅದು ಬರಿಯ ಬಡತನ.

ಹಾಗಾದರೆ ಎಲ್ಲರೂ ಕಾಂಕ್ರೀಟಿನಲ್ಲೇ ಕಟ್ಟಲಿ ಎನ್ನೋಣವೆ? ಭೂಮಿ ಅದನ್ನು ತಾಳಲಾರದು. ಮಿತವ್ಯಯ ಬೇಕೇ ಬೇಕು. ಆದರೆ ಅದರ ಆರಂಭ ಹೆಚ್ಚು ವೆಚ್ಚಮಾಡುವವನಿಂದ ಆಗಬೇಕು. ಕೇರಳದಲ್ಲಿ ಲಾರಿ ಬೇಕರ್ ಅವರ ಮಾತಿಗೆ ಬೆಲೆ ಬಂದದ್ದು ಇದರಿಂದಲೇ. ಬಡವರಿಗೆ ಕಟ್ಟಿದ ಮಿತವ್ಯಯದ ಕ್ರಮದಲ್ಲೇ ಅವರು ತಿರುವನಂತಪುರದಲ್ಲಿ ವಿದ್ವಾಂಸರ ಸಂಶೋಧನ ಕೇಂದ್ರವನ್ನೂ ಕಟ್ಟಿದರು. ತಮ್ಮ ಮನೆಯನ್ನೂ ಹಾಗೆಯೇ ಕಟ್ಟಿಕೊಂಡರು.

ನಮ್ಮ ತಾಲ್ಲೂಕು ಕಚೇರಿ, ಶಾಲೆ, ಬಡಾವಣೆಯ ಮನೆಗಳು ಒತ್ತಿದ ಮಣ್ಣಿನ ಇಟ್ಟಿಗೆಯಲ್ಲಿ ಏಳಲಿ. ಭೂಕಂಪಕ್ಕೆ ಅಂಜದಂತೆ ಗೋಡೆಯನ್ನು ಸುತ್ತ ಬಿಗಿಯುವ ಪಟ್ಟಿಗಳ ವೆಚ್ಚವನ್ನು ಹಳ್ಳಿಯ ಮನೆಯಲ್ಲೂ ಉಳಿಸದಿರಲಿ. ವರ್ಷವರ್ಷದ ದುರಸ್ತಿ ಯಾರ ಪಾಲಿಗೆ ಬರುವುದೆಂಬುದನ್ನು ನಕ್ಷೆ ಬರೆಯುವಾಗಲೇ ಮನೆಯಾಕೆಯನ್ನು ಕೇಳಲಿ. ಆಮೇಲೆ ಹಳ್ಳಿಯವನು ಮಣ್ಣನ್ನು ಒಪ್ಪಿದರೂ ಸರಿ, ಬಿಟ್ಟರೂ ಸರಿ; ಆ ತೀರ್ಮಾನ ಅವನದಾಗಿರುತ್ತದೆ.